ವೆಂಕಟೇಶಂನ ಇಂಗ್ಲಿಷು, ನಮ್ಮ ಮನೆಯ ತೆಲುಗು

ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ ರೈಲಿನಿಂದ ಇಳಿದ ಕನ್ನಡಿಗನಿಗೆ ಅಂಗಡಿಗಳ ಬೋರ್ಡು ಓದುವುದಕ್ಕೆ ಒಂದು ವಾರ ಸಾಕು. ತಲೆಕಟ್ಟಿನ ಗೀಟು ಬೇರೆ, ಕಕಾರ ಶಕಾರಗಳ ತಿರುವು ಸ್ವಲ್ಪ ಬೇರೆ. ಉಳಿದಂತೆ ಎರಡೂ ಲಿಪಿಗಳು ಒಂದೇ ತಾಯಿಯ ಮಕ್ಕಳು. ಅಲ್ಲಿಗೆ "ತೆಲುಗು ಬಂತು" ಎಂದು ನಮ್ಮವರು ನಿಶ್ಚಿಂತರಾಗಿಬಿಡುತ್ತಾರೆ. ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಮುಂತಾದ ಅಂದಿನ ಬ್ಯಾಂಕುಗಳ ವರ್ಗಾವಣೆಯ ಮೇಲೆ ಬಂದವರು, ಹೋಟೆಲು ಇಟ್ಟವರು, ಬಂದರು, ಹಡಗುಕಟ್ಟೆ, ನೌಕಾನೆಲೆ, ಉಕ್ಕಿನ ಕಾರ್ಖಾನೆ ಎಂದು ಬಂದು ನೆಲೆನಿಂತವರು, ಇಪ್ಪತ್ತು ಮೂವತ್ತು ವರ್ಷಗಳಾದ ಮೇಲೂ ತರಕಾರಿ ಕೊಳ್ಳುವ ತೆಲುಗಿನಲ್ಲೇ ಉಳಿದಿರುವುದನ್ನು ನಾವು ನೋಡುತ್ತಿದ್ದೇವೆ. ಇಷ್ಟು ಹತ್ತಿರದ ಭಾಷೆಯನ್ನು ಇಷ್ಟು ಕಡಿಮೆ ಕಲಿಯುವುದಕ್ಕೆ ಕಾರಣ ಆ ಹತ್ತಿರವೇ ಎಂದು ನಮಗೆ ತೋರುತ್ತದೆ. ತಮಿಳುನಾಡಿಗೆ ಹೋದ ಕನ್ನಡಿಗ ತನಗೆ ತಮಿಳು ಗೊತ್ತಿಲ್ಲವೆಂಬುದನ್ನಾದರೂ ಬಲ್ಲ. ಆಂಧ್ರಕ್ಕೆ ಬಂದವನಿಗೆ ಆ ಅರಿವೂ ಇಲ್ಲ.

ಕೆಲವು ಮಾತುಗಳನ್ನು ನೋಡಿ. ತೆಲುಗರು 'ಅವಸರಂ' ಎಂದರೆ ಬೇಕಾದದ್ದು, ಅಗತ್ಯ. ನಮಗೆ ಅವಸರವೆಂದರೆ ಆತುರ. ಅವರ 'ಆಲಸ್ಯಂ' ತಡ. ನಮ್ಮ ಆಲಸ್ಯ ಮೈಗಳ್ಳತನ. ಹಡಗುಕಟ್ಟೆಯ ಊರಿನಲ್ಲಿ 'ಪರಿಶ್ರಮ' ಎಂದರೆ ಕೈಗಾರಿಕೆ. ನಮ್ಮಲ್ಲಿ ಅದು ಬೆವರು. ಎಲ್ಲಕ್ಕಿಂತ ಮೋಜಿನದು 'ಮಾಟ'. ಅವರಿಗೆ ಅದು ಬರಿಯ ಮಾತು. "ಒಂದು ಮಾಟ" ಎಂದು ಪಕ್ಕದ ಮನೆಯ ಹಿರಿಯರು ನಮ್ಮ ಮನೆಯ ಅಜ್ಜಿಯ ಹತ್ತಿರ ಬಂದರೆ ಅಜ್ಜಿ ನಿಂಬೆಹಣ್ಣು ಹುಡುಕಬೇಕಾದೀತು. ಇಂಥ ಪದಗಳನ್ನು ಎರಡು ಕಾಲಂ ಮಾಡಿ ಬರೆದು ಗೋಡೆಗೆ ಅಂಟಿಸುವವರು ಇದ್ದಾರೆ. ಗೋಡೆಯ ಮೇಲಿನ ಪದ ಗೋಡೆಯ ಮೇಲೇ ಉಳಿಯುವುದು ಹೆಚ್ಚು. ಒಬ್ಬ ಮನುಷ್ಯ ಅದನ್ನು ಯಾವಾಗ, ಯಾರ ಮುಂದೆ, ಏನು ಗಿಟ್ಟಿಸಿಕೊಳ್ಳುವುದಕ್ಕಾಗಿ ಆಡಿದ ಎಂಬುದು ಗೊತ್ತಾದಾಗಲೇ ಅದು ನಾಲಗೆಗೆ ಇಳಿಯುವುದು. ಅದನ್ನು ನಾಟಕದ ಹಾಗೆ ತೋರಿಸಿಕೊಡುವ ಪುಸ್ತಕ ಬೇರೆ ಇಲ್ಲ. ನಾಟಕಗಳಲ್ಲಿಯೂ ಪ್ರಹಸನಕ್ಕೆ ಮೊದಲ ಮಣೆ. ನಗು ಬರಬೇಕಾದರೆ ಅರ್ಥವಾಗಿರಲೇಬೇಕಷ್ಟೆ.

ಆದ್ದರಿಂದ ಗುರಜಾಡ ಅಪ್ಪಾರಾಯರ 'ಕನ್ಯಾಶುಲ್ಕಂ' ನಾಟಕವನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕೆಂದು ನಾವು ಹೊರಟದ್ದು. 1862ರಲ್ಲಿ ಹುಟ್ಟಿ 1915ರಲ್ಲಿ ತೀರಿಕೊಂಡ ಗುರಜಾಡರು ವಿಜಯನಗರಂ ಸಂಸ್ಥಾನದ ಆಶ್ರಯದಲ್ಲಿದ್ದವರು. ನಾಟಕ ಮೊದಲು ರಂಗಕ್ಕೆ ಬಂದದ್ದು 1892ರಲ್ಲಿ, ಅಚ್ಚಾದದ್ದು 1897ರಲ್ಲಿ, ಬಹಳವಾಗಿ ತಿದ್ದಿ ಬೆಳೆಸಿದ ಎರಡನೆಯ ಆವೃತ್ತಿ ಬಂದದ್ದು 1909ರಲ್ಲಿ. ಇಂದು ಎಲ್ಲರೂ ಓದುವುದು ಈ ಎರಡನೆಯದನ್ನೇ. ಈಗ ವಿಜಯನಗರಂ ಬೇರೆ ಜಿಲ್ಲೆ; 1979ರಲ್ಲಿ ಹಾಗಾಯಿತು. ಗುರಜಾಡರ ಕಾಲಕ್ಕೆ ಅದು ವಿಶಾಖಪಟ್ಟಣ ಜಿಲ್ಲೆಯೊಳಗೇ ಇತ್ತು. ನಾಟಕದ ಕೊನೆಯ ಅಂಕಗಳ ಕೋರ್ಟು ಕಚೇರಿ ವ್ಯವಹಾರವೆಲ್ಲ ನಡೆಯುವುದು ವಿಶಾಖಪಟ್ಟಣದಲ್ಲಿಯೇ. ಅಲ್ಲಿ ವಾಸವಾಗಿರುವ ನಮ್ಮ ಓದುಗರು ತಮ್ಮ ಊರಿನ ಪುಸ್ತಕವನ್ನೇ ಓದುತ್ತಿದ್ದೇವೆಂದು ತಿಳಿಯಬಹುದು.

ಕಥೆ ತಿಳಿಯದವರಿಗಾಗಿ ಸಂಕ್ಷೇಪವಾಗಿ ಹೇಳುತ್ತೇವೆ. ಅಗ್ನಿಹೋತ್ರಾವಧಾನ್ಲು ಎಂಬ ಮುಂಗೋಪಿ ವೈದಿಕ ತನ್ನ ಎಳೆಯ ಮಗಳು ಸುಬ್ಬಿಯನ್ನು ಹಣ ತೆಗೆದುಕೊಂಡು ಲುಬ್ಧಾವಧಾನ್ಲು ಎಂಬ ಮುದಿ ಜಿಪುಣನಿಗೆ ಕೊಡಲು ನಿಶ್ಚಯಿಸಿದ್ದಾನೆ. ದೊಡ್ಡ ಮಗಳು ಬುಚ್ಚಮ್ಮ ಆಗಲೇ ವಿಧವೆಯಾಗಿ ಮನೆಯಲ್ಲಿದ್ದಾಳೆ. ಸುಬ್ಬಿಯ ಸೋದರಮಾವ ಕರಟಕಶಾಸ್ತ್ರಿ, ನಾಟಕದ ಗೀಳಿನವನು, ತನ್ನ ಶಿಷ್ಯನಿಗೆ ಹುಡುಗಿಯ ವೇಷ ಹಾಕಿ ಮುದುಕನಿಗೆ ಮದುವೆ ಮಾಡಿಸಿಬಿಡುತ್ತಾನೆ. ಈ ಸಂಚಿಗೆ ಬೆನ್ನಾಗಿ ನಿಲ್ಲುವವಳು ಮಧುರವಾಣಿ ಎಂಬ ಗಣಿಕೆ. ಮಧ್ಯೆ ಗಿರೀಶಂ: ಇಂಗ್ಲಿಷು ಬೆರೆಸಿ ಮಾತಾಡುವ, ಸಾಲ ಮಾಡಿ ತಪ್ಪಿಸಿಕೊಳ್ಳುವ, ಸಮಾಜ ಸುಧಾರಣೆಯ ಮಾತಿನಲ್ಲೇ ಹೊಟ್ಟೆ ಹೊರೆಯುವ ಚತುರ. ಅವಧಾನಿಯ ಮಗ ವೆಂಕಟೇಶಂಗೆ ಪಾಠ ಹೇಳುವ ನೆಪದಲ್ಲಿ ಮನೆ ಸೇರಿ ಬುಚ್ಚಮ್ಮನನ್ನು ಹಾರಿಸಿಕೊಂಡು ಹೋಗುತ್ತಾನೆ. ಎಲ್ಲ ಎಳೆಗಳೂ ವಿಶಾಖಪಟ್ಟಣದ ವಕೀಲ ಸೌಜನ್ಯರಾವು ಪಂತುಲುವಿನ ಮನೆಯಲ್ಲಿ ಬಂದು ಸೇರುತ್ತವೆ.

ಇದರಲ್ಲಿ ಭಾಷೆ ಕಲಿಯುವ ವಿಚಾರವೇ ಒಂದು ದೃಶ್ಯವಾಗಿದೆ. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ವೆಂಕಟೇಶಂ ಗುರುವಿನೊಡನೆ ರಜಕ್ಕೆಂದು ಊರಿಗೆ ಬಂದಿದ್ದಾನೆ. ಹಣ ಹಾಕಿ ಓದಿಸಿದ್ದಕ್ಕೆ ಮಗನಿಗೆ ಇಂಗ್ಲಿಷು ಬಂದಿದೆಯೋ ಇಲ್ಲವೋ ನೋಡಬೇಕೆಂದು ತಂದೆತಾಯಿಯ ಆಸೆ. ಗುರುಶಿಷ್ಯರು ಅವರೆದುರು ಇಂಗ್ಲಿಷಿನಲ್ಲಿ 'ಸಂಭಾಷಣೆ' ನಡೆಸುತ್ತಾರೆ. ಗುರು ಏನೋ ಕೇಳುತ್ತಾನೆ, ಶಿಷ್ಯ ಬಾಯಿಪಾಠದ ಶಿಶುಗೀತೆಯ ತುಣುಕು ಹೇಳುತ್ತಾನೆ; ಗುರು ರೇಖಾಗಣಿತದ ಪ್ರಮೇಯದ ಬಾಲ ಹಿಡಿಯುತ್ತಾನೆ, ಶಿಷ್ಯ ಇನ್ನೇನೋ ಬಾಯಿಪಾಠ ಒಪ್ಪಿಸುತ್ತಾನೆ; ಆಮೇಲೆ ವ್ಯಾಕರಣದ ಸೂತ್ರ. ಒಂದಕ್ಕೊಂದು ಸಂಬಂಧವಿಲ್ಲ. ತಾಯಿ ವೆಂಕಮ್ಮನಿಗೆ ಮಾತ್ರ ಕಣ್ಣು ತುಂಬುವಷ್ಟು ಸಂತೋಷ. ಪದಗಳೆಲ್ಲ ಸರಿಯಾಗಿವೆ, ಉಚ್ಚಾರವೂ ಇದ್ದೀತು, ಆದರೆ ಭಾಷೆ ಒಂದು ಗುಲಗಂಜಿಯಷ್ಟೂ ಇಲ್ಲ.

ಈ ದೃಶ್ಯ ಓದಿ ನಕ್ಕವರು ನಮ್ಮ ಸಂಘದ ರಾಜ್ಯೋತ್ಸವದ ಸಭೆಯನ್ನೊಮ್ಮೆ ನೆನಸಿಕೊಳ್ಳಬೇಕು. ಹೊರನಾಡಿನಲ್ಲಿ ಹುಟ್ಟಿದ ಮಗು ರೋಮನ್ ಅಕ್ಷರದಲ್ಲಿ ಬರೆದುಕೊಟ್ಟ ಕನ್ನಡ ಪದ್ಯವನ್ನು ಉರುಹೊಡೆದು ಬಂದು ಒಪ್ಪಿಸುತ್ತದೆ. ನಾವು ಚಪ್ಪಾಳೆ ತಟ್ಟುತ್ತೇವೆ. ಅದರಲ್ಲಿ ಒಂದು ಪದದ ಅರ್ಥ ಕೇಳಿದರೆ ಮಗು ತಾಯಿಯ ಮುಖ ನೋಡುತ್ತದೆ. ಕೆಳಗೆ ಕುಳಿತವರಲ್ಲಿ ವೆಂಕಮ್ಮನವರೇ ಹೆಚ್ಚು. ಚಪ್ಪಾಳೆ ತಟ್ಟಬಾರದೆಂದು ನಮ್ಮ ಅಭಿಪ್ರಾಯವಲ್ಲ. ಮಗುವಿನ ಪ್ರಯತ್ನ ದೊಡ್ಡದೇ. ಆದರೆ ಗುರಜಾಡರು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬರೆದ ತಮಾಷೆ ಇಷ್ಟು ನೇರವಾಗಿ ನಮ್ಮ ಬೆನ್ನಿಗೇ ಬಂದು ಬೀಳುತ್ತದೆಂದರೆ, ಪುಸ್ತಕ ಇನ್ನೂ ಜೀವಂತವಾಗಿದೆ ಎಂದಾಯಿತು.

ಇನ್ನು ಪದಗಳ ಮಾತು. ಗುರಜಾಡರು ಗ್ರಂಥದ ತೆಲುಗನ್ನು ಬಿಟ್ಟು ಜನ ಮನೆಯಲ್ಲಿ, ಜಗುಲಿಯಲ್ಲಿ, ಕಚೇರಿಯಲ್ಲಿ ಆಡುವ ತೆಲುಗನ್ನು ಹಾಗೆಯೇ ಬರೆದರು. ಹೀಗಾಗಿ ಮೊದಲ ಹತ್ತು ಪುಟ ಕನ್ನಡಿಗನಿಗೆ ಕಬ್ಬಿಣದ ಕಡಲೆಯೇ. ವಿಚಿತ್ರವೆಂದರೆ 1897ರ ಓದುಗರಿಗೆ ಎಡವಟ್ಟಾಗಿದ್ದಿರಬಹುದಾದ ಗಿರೀಶಂನ ಇಂಗ್ಲಿಷು ನಮ್ಮ ಮಕ್ಕಳಿಗೆ ನೀರು ಕುಡಿದಷ್ಟು ಸುಲಭ. ಅಂದು ಹಸುಳೆಗೂ ತಿಳಿಯುತ್ತಿದ್ದ ತೆಲುಗೇ ಇಂದು ಕಷ್ಟ. ದಾವಾ, ದಸ್ತಾವೇಜು, ಸಾಕ್ಷಿ, ಕಚೇರಿ ಇವು ಎರಡೂ ಕಡೆಯ ಸೊತ್ತಾದ್ದರಿಂದ ಕೋರ್ಟಿನ ಭಾಗ ಹಿರಿಯರಿಗೆ ತಾನೇ ತೆರೆದುಕೊಳ್ಳುತ್ತದೆ. ತೊಡಕಾಗುವುದು ಅಡಿಗೆಮನೆಯ, ಬೈಗಳದ, ಒಡವೆಯ ಪದಗಳಲ್ಲಿ.

'ಕಂಟೆ' ಎಂಬ ಪದವನ್ನು ತೆಗೆದುಕೊಳ್ಳಿ. ಕೊರಳಿಗೆ ಹಾಕುವ ಚಿನ್ನದ ಒಡವೆ. ನಿಘಂಟಿನಲ್ಲಿ ನೋಡಿದರೆ ನಾಳೆಗೆ ಮರೆಯುವ ಪದ. ನಾಟಕದಲ್ಲಿ ಅದು ಮಧುರವಾಣಿಯದು. ಮದುವಣಗಿತ್ತಿಯ ವೇಷದ ಹುಡುಗನ ಕೊರಳಿಗೆ ಎರವಲು ಹೋಗುತ್ತದೆ. 'ಮದುಮಗಳು' ಮಾಯವಾದಾಗ ಕಂಟೆ ಎಲ್ಲಿ ಎಂಬ ಗಲಾಟೆ ಏಳುತ್ತದೆ. ರಾಮಪ್ಪಂತುಲು ಎಂಬ ವ್ಯಾಜ್ಯಪ್ರಿಯನ ಜುಟ್ಟು ಅದರಿಂದ ಮಧುರವಾಣಿಯ ಕೈಗೆ ಸಿಗುತ್ತದೆ. ಅಷ್ಟು ಸಲ, ಅಷ್ಟು ಜನರ ಬಾಯಲ್ಲಿ, ಆಸೆ ಭಯ ಸಿಟ್ಟುಗಳ ಜೊತೆಗೆ ಕೇಳಿದ ಮೇಲೆ ಕಂಟೆಯನ್ನು ಮರೆಯಲು ಹೇಗೆ ಸಾಧ್ಯ? ಹಾಗೆಯೇ 'ಚೀಪುರು', ಎಂದರೆ ಪೊರಕೆ. ಸಾಲಗಾರ ಗಿರೀಶಂನನ್ನು ಹುಡುಕಿಕೊಂಡು ಪೂಟಕೂಳ್ಳಮ್ಮ ಪೊರಕೆ ಹಿಡಿದು ಮಧುರವಾಣಿಯ ಮನೆಗೆ ನುಗ್ಗುತ್ತಾಳೆ; ಮಂಚದಡಿಯಲ್ಲಿ ಗಿರೀಶಂ ಒಬ್ಬನೇ ಅಲ್ಲ, ರಾಮಪ್ಪಂತುಲುವೂ ಅಡಗಿದ್ದಾನೆ; ಏಟು ಯಾರಿಗೆ ಬಿತ್ತೆಂದು ಓದುಗರೇ ನೋಡಿಕೊಳ್ಳಲಿ.

ಪೂಟಕೂಳ್ಳಮ್ಮ ಎಂಬ ಹೆಸರೇ ಒಂದು ಪಾಠ. ಪೂಟ ಎಂದರೆ ಹೊತ್ತು. ಕೂಡು, ಬಹುವಚನದಲ್ಲಿ ಕೂಳ್ಳು, ಎಂದರೆ ಅನ್ನ. ಹೊತ್ತುಹೊತ್ತಿಗೆ ದುಡ್ಡಿಗೆ ಊಟ ಹಾಕುವ ಹೆಂಗಸು. ನಮ್ಮ ಉತ್ತರ ಕರ್ನಾಟಕದವರು ಖಾನಾವಳಿಯಮ್ಮ ಎಂದಾರು. ಈ ಕೂಡು ನಮ್ಮ ಕೂಳೇ. ನಮ್ಮಲ್ಲಿ ಕೂಳು ಬೈಗಳಿಗೆ ಇಳಿದಿದೆ, "ದಂಡದ ಕೂಳು" ಎನ್ನುತ್ತೇವೆ, ಮರ್ಯಾದೆಗೆ ಊಟವಿದೆ. ವಿಜಯವಾಡದಲ್ಲಿ ಹೋಟೆಲು ನಡೆಸುವ ನಮ್ಮ ದಕ್ಷಿಣ ಕನ್ನಡದ ಬಂಧುಗಳು ಈ ಪಾತ್ರವನ್ನು ತಮ್ಮ ವೃತ್ತಿಯ ಹಿರಿಯಕ್ಕನೆಂದು ಭಾವಿಸಿದರೆ ತಪ್ಪಿಲ್ಲ. ಉದ್ರಿ ಗಿರಾಕಿಗಳು ಅಂದಿಗೂ ಇದ್ದರು.

ಹೀಗೆ ಓದುತ್ತ ಹೋದಂತೆ ಮಕ್ಕಳು ತಾವಾಗಿಯೇ ಒಂದು ಕೀಲಿಕೈ ಕಂಡುಕೊಳ್ಳುತ್ತಾರೆ. ನಮ್ಮ ಕಿವಿ ಅವರ ಚೆವಿ, ನಮ್ಮ ಕೆರೆ ಅವರ ಚೆರುವು, ನಮ್ಮ ಕೆಡು ಅವರ ಚೆಡು. ನಮ್ಮ ಹಾಲು ಅವರ ಪಾಲು, ಹುಲಿ ಪುಲಿ, ಹಾವು ಪಾಮು, ಹೆಸರು ಪೇರು. ಹಳೆಗನ್ನಡಕ್ಕೆ ಹೋದರೆ ನಾವೂ ಪಾಲು ಪುಲಿ ಎಂದೇ ಅನ್ನುತ್ತಿದ್ದವರು. ಗಿರೀಶಂ ಶಿಷ್ಯನಿಗೆ ಮೊದಲು ಕಲಿಸುವ ವಿದ್ಯೆ ಚುಟ್ಟ ಸೇದುವುದು. ಚುಟ್ಟ ಬಂದದ್ದು ಚುಟ್ಟುವುದರಿಂದ, ಅದು ನಮ್ಮ ಸುತ್ತುವುದು. ಹೀಗೆ ತೆಲುಗು ಕಲಿಯಲು ಹೋದ ಹುಡುಗನಿಗೆ ಪಂಪನ ಕನ್ನಡದ ಬಾಗಿಲು ಒಂದು ಅಂಗುಲ ತೆರೆದರೆ ಅದು ಬಡ್ಡಿ. 1894ರಲ್ಲಿ ಹೊರಬಂದ ಕಿಟೆಲರ ಕನ್ನಡ ನಿಘಂಟಿನಲ್ಲಿ ಪದದ ಪಕ್ಕದಲ್ಲೇ ತೆಲುಗು ತಮಿಳು ರೂಪಗಳನ್ನು ಕೊಟ್ಟಿರುವುದರಿಂದ ಅದನ್ನೂ, ಬ್ರೌನ್ ದೊರೆಯ ತೆಲುಗು ನಿಘಂಟನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬಹುದು. ಆದರೆ ದೃಶ್ಯ ಮುಗಿದ ಮೇಲೆ ತೆರೆಯಬೇಕು, ನಡುವೆ ಅಲ್ಲ. ನಡುವೆ ತೆರೆದರೆ ನಗು ಆರಿಹೋಗುತ್ತದೆ.

ಇಲ್ಲಿಯವರೆಗಿನದು ಲಾಭದ ಲೆಕ್ಕ. ನಮಗೆ ಈ ನಾಟಕ ಮುಖ್ಯವಾದದ್ದು ಇನ್ನೊಂದು ಪದದಿಂದ. ಅದು 'ವೆಧವ'. ಆಂಧ್ರದ ಬೀದಿಯಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು. ನಮ್ಮ ಮಕ್ಕಳು ಶಾಲೆಯಿಂದ ಮೊದಲು ಕಲಿತು ತರುವ ತೆಲುಗು ಪದಗಳಲ್ಲಿ ಒಂದು; ಪೋಕರಿ, ಕೆಲಸಕ್ಕೆ ಬಾರದವನು ಎಂದು ಅರ್ಥ ಹೇಳುತ್ತಾರೆ. ಅದು ಸಂಸ್ಕೃತದ ವಿಧವಾ ಶಬ್ದದ ತದ್ಭವ. ಗಂಡ ಸತ್ತವಳು ಎಂಬುದೇ ಗಂಡಸರನ್ನು ಬಯ್ಯುವ ಬೈಗಳಾಗಿ ನಿಂತಿದೆ. ಗುರಜಾಡರ ನಾಟಕದ ತುಂಬ ಈ ಮಾತೂ ಇದರ ಜೊತೆಗಾತಿ 'ಮುಂಡ' ಎಂಬುದೂ ಹಾರಾಡುತ್ತವೆ. ಸಿಟ್ಟಿಗೂ ಸಲಿಗೆಗೂ ಅದೇ. ಹಾಗೆ ಹಾರಾಡುವ ಮನೆಯ ಮೂಲೆಯಲ್ಲಿ ಬುಚ್ಚಮ್ಮ, ನಿಜವಾದ ವಿಧವೆ, ಕೆಲಸ ಮಾಡುತ್ತ ಇದ್ದಾಳೆ. ತಂದೆ ಯಾರನ್ನೋ ಬಯ್ಯುವಾಗ ಆಡುವ ಪದ ಅವಳ ಹೆಸರು. ನಾಟಕಕಾರ ಇದನ್ನು ಎಲ್ಲಿಯೂ ಬೆರಳಿಟ್ಟು ತೋರಿಸುವುದಿಲ್ಲ. ಮೊದಲ ಸಲ ಓದುವಾಗ ನಾವೂ ಬೈಗಳಿಗೆ ನಗುತ್ತೇವೆ. ಪದದ ಹುಟ್ಟು ಗೊತ್ತಾದ ಮೇಲೆ ಎರಡನೆಯ ಸಲ ಓದಿದರೆ ಆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇದನ್ನು ತೆಲುಗರ ದೋಷವೆಂದು ಯಾರೂ ಬೀಗಬೇಕಿಲ್ಲ. ನಮ್ಮ 'ಮುಂಡೇದೆ', 'ಮುಂಡೇಗಂಡ' ಎಲ್ಲಿಂದ ಬಂದವು? ತಲೆ ಬೋಳಿಸಿ ಕೂರಿಸಿದ ವಿಧವೆಯಿಂದ. ಮೈಸೂರು ಸೀಮೆಯ ಅಜ್ಜಿಯರು ಮೊಮ್ಮಕ್ಕಳನ್ನು ಮುದ್ದಿಗೂ ಹಾಗೇ ಕರೆಯುತ್ತಿದ್ದರು. ಹಾಗೆ ಕರೆದ ಅಜ್ಜಿಯರಲ್ಲಿ ಎಷ್ಟೋ ಜನರು ತಾವೇ ಕೆಂಪು ಸೀರೆಯವರು. ಇಷ್ಟು ಹತ್ತಿರದ ನಮ್ಮ ಪದ ನಮಗೆ ಕೇಳಿಸಿರಲಿಲ್ಲ. ಪರಭಾಷೆಯ ಪದದ ಅರ್ಥ ಹುಡುಕುವಾಗ ಕೇಳಿಸಿತು. ಕಷ್ಟಪದಗಳನ್ನು ಕಲಿಯುವುದರಿಂದ ಆಗುವ ಉಪಕಾರದಲ್ಲಿ ಇದನ್ನು ನಾವು ಎಲ್ಲಕ್ಕಿಂತ ಮೇಲೆ ಎಣಿಸುತ್ತೇವೆ.

'ಸಾನಿ' ಎಂಬ ಪದದ ಕಥೆಯೂ ಹೀಗೇ. ಸ್ವಾಮಿನಿ ಎಂಬುದರಿಂದ ಬಂದದ್ದು, ಒಡತಿ ಎಂದರ್ಥ. ನಮ್ಮಲ್ಲಿ ದೊರೆಸಾನಿ, ಗೌಡಸಾನಿ ಎಂದು ಇನ್ನೂ ಗೌರವದಲ್ಲಿದೆ. ತೆಲುಗಿನಲ್ಲಿಯೂ ದೊರಸಾನಿ ಇದ್ದಾಳೆ, ಆದರೆ ಬರಿಯ ಸಾನಿ ಎಂದರೆ ವೇಶ್ಯೆ. ಮಧುರವಾಣಿ ಸಾನಿ. ಆಗ ಮದರಾಸು ಪ್ರಾಂತದಲ್ಲಿ ಗಣಿಕೆಯರ ನಾಚಿನ ವಿರುದ್ಧ ಚಳವಳಿ ಏರಿದ್ದ ಕಾಲ. ರಾಜಮಹೇಂದ್ರಿಯಲ್ಲಿ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು 1881ರಲ್ಲಿಯೇ ಮೊದಲ ವಿಧವಾವಿವಾಹ ನಡೆಸಿ ಹೆಸರಾಗಿದ್ದರು. ಸುಧಾರಕ ಸೌಜನ್ಯರಾವು ಸಾನಿಯ ಮುಖ ನೋಡಲೊಲ್ಲ. ಅವನ ಮನೆಗೆ ಮಧುರವಾಣಿ ಗಂಡುವೇಷದಲ್ಲಿ ಹೋಗಿ ಕಥೆಯ ಗಂಟು ಬಿಡಿಸುತ್ತಾಳೆ.

ಭಾಷೆಯ ಕಡೆಯಿಂದ ನೋಡಿದರೆ ಈ ಇಬ್ಬರು ಹೆಣ್ಣುಗಳ ನಡುವಿನ ಅಂತರ ಬಹಳ ಹೇಳುತ್ತದೆ. ಇಡೀ ನಾಟಕದಲ್ಲಿ ಹೊಸಬರಿಗೆ ಅತಿ ಸುಲಭವಾದ ಮಾತು ಬುಚ್ಚಮ್ಮನದು. ಅವಳ ಮಾತು ಕಡಿಮೆ, ಪದಗಳು ಚಿಕ್ಕವು, ಮನೆಯ ಹೊಸಿಲು ದಾಟದವು. ಅತಿ ಕಷ್ಟವಾದದ್ದು ಮಧುರವಾಣಿಯದು. ಅವಳು ಗಿರೀಶಂನೊಡನೆ ಒಂದು ತೆಲುಗು, ರಾಮಪ್ಪಂತುಲುವಿನೊಡನೆ ಇನ್ನೊಂದು, ಕರಟಕಶಾಸ್ತ್ರಿಯೊಡನೆ ಪಂಡಿತರ ತೆಲುಗು, ವಕೀಲನೊಡನೆ ತರ್ಕದ ತೆಲುಗು ಆಡುತ್ತಾಳೆ. ಊರಲ್ಲಿ ಎಷ್ಟು ಜಾಗಕ್ಕೆ ಹೋಗಲು ಬಿಟ್ಟರೋ ಅಷ್ಟು ಪದ. ನಮ್ಮ ಮನೆಗಳ ಹೆಂಗಸರಿಗೆ ತೆಲುಗು ಬಾರದೆಂದು ಹಾಸ್ಯ ಮಾಡುವ ಗಂಡಸರು ಇದನ್ನು ಸ್ವಲ್ಪ ಯೋಚಿಸಬಹುದು. ಆಫೀಸಿನಿಂದ ಬಂದವನು ಪಾರ್ಕಿಗೆ ಹೋಗುತ್ತಾನೆ, ಕ್ಲಬ್ಬಿಗೆ ಹೋಗುತ್ತಾನೆ. ಕ್ವಾರ್ಟರ್ಸಿನ ನಾಲ್ಕು ಗೋಡೆಗಳ ನಡುವೆ ಯಾವ ಭಾಷೆ ತಾನೆ ಬೆಳೆದೀತು?

ಹೆಸರಿಗೇ ಬರೋಣ. ಶುಲ್ಕವೆಂದರೆ ನಮ್ಮ ಮಕ್ಕಳಿಗೆ ಶಾಲೆಯ ಫೀಸು. ಅದರ ತದ್ಭವ ಸುಂಕ. ವಿಶಾಖಪಟ್ಟಣದ ಬಂದರಿನಲ್ಲಿ ಕೆಲಸ ಮಾಡುವವರಿಗೆ ದಿನದ ಮಾತು. ಸರಕಿನ ಮೇಲೆ ಕಟ್ಟುವುದನ್ನು ಹೆಣ್ಣಿನ ಮೇಲೆ ಕಟ್ಟಿದರೆ ಕನ್ಯಾಶುಲ್ಕ. ಇದು ನಾಟಕೀಯ ಉತ್ಪ್ರೇಕ್ಷೆಯೆಂದು ಯಾರಾದರೂ ತಿಳಿದರೆ ಮೊದಲ ಆವೃತ್ತಿಗೆ ಗುರಜಾಡರು ಇಂಗ್ಲಿಷಿನಲ್ಲಿ ಬರೆದ ಮುನ್ನುಡಿ ನೋಡಬೇಕು. ವಿಜಯನಗರದ ಮಹಾರಾಜರು ವಿಶಾಖಪಟ್ಟಣ ಜಿಲ್ಲೆಯಲ್ಲಿ ಮೂರು ವರ್ಷಗಳ ಬ್ರಾಹ್ಮಣ ಮದುವೆಗಳ ಪಟ್ಟಿ ಮಾಡಿಸಿದ್ದರು. ಅದರಲ್ಲಿ ಸಿಕ್ಕ ಶುಲ್ಕದ ಮದುವೆಗಳು 1034. ಐದು ವರ್ಷದ ವಧುಗಳು 99, ನಾಲ್ಕರವು 44, ಮೂರರವು 36, ಎರಡರವು 6, ಒಂದು ವರ್ಷದ ಕೂಸುಗಳು 3. ಈ ಅಂಕಿಗಳನ್ನು ಓದಿದ ಮೇಲೆ ಕರಟಕಶಾಸ್ತ್ರಿಯ ಸುಳ್ಳು ಮದುವೆಯನ್ನು ತುಂಟತನವೆಂದು ಮಾತ್ರ ನೋಡಲಾಗುವುದಿಲ್ಲ.

ಕೆಲವು ಎಚ್ಚರಿಕೆಗಳನ್ನೂ ಕೊಡಬೇಕು. ಇದು ಉತ್ತರಾಂಧ್ರದ ನುಡಿ. ವಿಶಾಖಪಟ್ಟಣದ ಕಡೆ 'ಏಟಿ' ಎಂದರೆ ಏನು ಎಂದು. ನಮಗೆ ಏಟು ನೆನಪಾದರೆ ಆಶ್ಚರ್ಯವಿಲ್ಲ. ಆ ಕಡೆ 'ಗುಂಟ' ಎಂದರೆ ಹುಡುಗಿ, ವಿಜಯವಾಡದಲ್ಲಿ ಗುಂಟ ಎಂದರೆ ಹಳ್ಳ, ನಮ್ಮ ರೈತನಿಗೆ ಗುಂಟೆ ಎಂದರೆ ಎಕರೆಯ ನಲವತ್ತನೆಯ ಪಾಲು. ಆದುದರಿಂದ ಇದರಲ್ಲಿ ಕಲಿತದ್ದನ್ನೆಲ್ಲ ಬೆಂಜ್ ಸರ್ಕಲ್ಲಿನಲ್ಲಿ ಪ್ರಯೋಗಿಸಲು ಹೋಗಬಾರದು. ಇಂದಿನ ಪತ್ರಿಕೆ, ರೇಡಿಯೋಗಳ ತೆಲುಗು ಕೃಷ್ಣಾ ಗೋದಾವರಿ ಸೀಮೆಯ ಮಾತನ್ನು ಹಿಡಿದು ಬೆಳೆದದ್ದು. ಆದರೆ ಆಡುನುಡಿಯನ್ನು ಬರೆಯಬಹುದೆಂಬ ಹೋರಾಟ ಹೊತ್ತಿದ್ದು ಉತ್ತರದಲ್ಲಿಯೇ. ಗುರಜಾಡರ ಸಹಪಾಠಿ ಗಿಡುಗು ರಾಮಮೂರ್ತಿ ಪಂತುಲು ಅದಕ್ಕಾಗಿ ಆಯುಷ್ಯ ಸವೆಸಿದರು. ಗುರಜಾಡರು 1914ರಲ್ಲಿ ಮದರಾಸು ವಿಶ್ವವಿದ್ಯಾಲಯದ ಸಮಿತಿಯಲ್ಲಿ ತಮ್ಮ ಭಿನ್ನಮತವನ್ನು ಬರೆದು ದಾಖಲಿಸಿದರು. ಪಂಡಿತರು ಒಪ್ಪಲು ದಶಕಗಳೇ ಹಿಡಿದವು.

ನಾಟಕವೂ ನಿರ್ದೋಷವಲ್ಲ. ಎರಡನೆಯ ಆವೃತ್ತಿ ಬಹಳ ಉದ್ದ. ಪೂರ್ತಿ ಆಡಲು ಒಂದು ಸಂಜೆ ಸಾಲದು. ಕಥೆಗೆ ಬೇಡದ ಹರಟೆ ಪುಟಗಟ್ಟಲೆ ಇದೆ, ಅದೇ ಭಾಗಗಳು ಭಾಷೆ ಕಲಿಯುವವನಿಗೆ ಮಾತ್ರ ಹಬ್ಬ. ಬುಚ್ಚಮ್ಮನನ್ನು ಕೊನೆಗೆ ಪುಣೆಯ ವಿಧವಾಗೃಹಕ್ಕೆ ಕಳಿಸುವ ತೀರ್ಮಾನದಲ್ಲಿ ಅವಳನ್ನು ಒಂದು ಮಾತು ಕೇಳಿದ್ದರೆ ಚೆನ್ನಾಗಿತ್ತೆಂದು ನಮಗೆ ಅನ್ನಿಸುತ್ತದೆ. ಬೈಗಳು ಧಾರಾಳವಾಗಿರುವುದರಿಂದ ಹತ್ತು ಹನ್ನೆರಡು ವರ್ಷದ ಮಕ್ಕಳ ಕೈಗೆ ಪುಸ್ತಕ ಕೊಟ್ಟು ಸುಮ್ಮನಾಗಬಾರದು. ದೊಡ್ಡವರು ಜೊತೆಗಿದ್ದು ಓದಬೇಕು. ಟಿಪ್ಪಣಿ ಇರುವ ಆವೃತ್ತಿಗಳಲ್ಲಿಯೂ ಸಂಸ್ಕೃತ ಶ್ಲೋಕಕ್ಕೆ ಅರ್ಥ ಸಿಕ್ಕೀತು, ಅಡಿಗೆಮನೆಯ ಪದಕ್ಕೆ ಸಿಗದು. ಆ ಪದಗಳಿಗೆ ಪಕ್ಕದ ಮನೆಯೇ ಗತಿ. ಅದು ಒಳ್ಳೆಯದೇ. ಒಂದು ಪದ ಕೇಳಲು ಹೋದ ಹೆಂಗಸು ಒಂದು ಲೋಟ ಕಾಫಿ ಕುಡಿದು, ನಾಟಕದ ಆ ಭಾಗವನ್ನು ಅವರ ಬಾಯಲ್ಲೇ ಓದಿಸಿಕೊಂಡು ಬಂದರೆ, ಅಷ್ಟು ವರ್ಷ ಬರಿಯ ನಮಸ್ಕಾರದಲ್ಲಿ ನಿಂತಿದ್ದ ಪರಿಚಯ ಒಂದು ಮೆಟ್ಟಿಲು ಮೇಲೇರುತ್ತದೆ.

ಓದುವುದಕ್ಕೆ ಮೊದಲು ಕೇಳುವವರಿಗೆ ವಿಜಯವಾಡ ಆಕಾಶವಾಣಿ ಪ್ರಸಾರ ಮಾಡಿದ ಶ್ರವ್ಯನಾಟಕ ಉತ್ತಮ. ಸೊಲ್ಲಿನ ಏರಿಳಿತ ಕಿವಿಗೆ ಬಿದ್ದರೆ ಅರ್ಧ ಪದಗಳು ತಾವೇ ಬಿಡಿಸಿಕೊಳ್ಳುತ್ತವೆ. 1955ರ ಚಲನಚಿತ್ರದಲ್ಲಿ ಗಿರೀಶಂ ಆಗಿ ಎನ್.ಟಿ. ರಾಮರಾಯರು, ಮಧುರವಾಣಿಯಾಗಿ ಸಾವಿತ್ರಿ ಇದ್ದಾರೆ. ಸಾವಿತ್ರಿಯವರಿಗಾಗಿ ನೋಡಬೇಕು, ಆದರೆ ಮಾತಿನ ಸಂಪತ್ತು ಅಲ್ಲಿ ಬಹಳ ಕರಗಿದೆ. ಇಂಗ್ಲಿಷಿನಲ್ಲಿ ವೆಲ್ಚೇರು ನಾರಾಯಣರಾಯರ ಅನುವಾದ 2007ರಲ್ಲಿ ಬಂದಿದೆ. ಕಥೆಗೆ ಅದು ಸಾಕು, ನಮ್ಮ ಉದ್ದೇಶಕ್ಕೆ ಸಾಲದು.

ಇಷ್ಟೆಲ್ಲ ತೆಲುಗಿನ ಮಾತಾಯಿತು, ಕನ್ನಡಕ್ಕೇನು ಎಂದು ಕೇಳುವವರಿಗೆ ಉತ್ತರ ಸಿದ್ಧವಾಗಿದೆ. ಕೈಲಾಸಂ ಅವರ 'ಟೊಳ್ಳುಗಟ್ಟಿ' ಎಲ್ಲರಿಗೂ ನೆನಪಿಗೆ ಬರುವುದು ಸಹಜ. ಅಲ್ಲಿಯೂ ಉರುಹೊಡೆಯುವ ಪುಟ್ಟು, ಬದುಕು ಬಲ್ಲ ಮಾಧು ಇದ್ದಾರೆ, ಇಂಗ್ಲಿಷು ಕಲಸಿದ ಬೆಂಗಳೂರಿನ ಮಾತಿದೆ. ಆದರೆ ಇನ್ನೂ ಹಳೆಯದೊಂದಿದೆ. ಉತ್ತರ ಕನ್ನಡದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ಬರೆದ 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ' ಅಚ್ಚಾದದ್ದು 1887ರಲ್ಲಿ. ಕನ್ಯಾಶುಲ್ಕ ಅಚ್ಚಾಗುವುದಕ್ಕೆ ಹತ್ತು ವರ್ಷ ಮೊದಲು. ಅದರ ವಸ್ತುವೂ ಕನ್ಯಾವಿಕ್ರಯವೇ; ಅದೂ ಪ್ರಹಸನವೇ; ಅದೂ ಗ್ರಂಥದ ಕನ್ನಡವನ್ನು ಬಿಟ್ಟು ಮನೆಯೊಳಗಿನ ಹವ್ಯಕ ನುಡಿಯನ್ನು ಬಳಸಿದ್ದೇ. ಒಬ್ಬರನ್ನು ಕಂಡು ಇನ್ನೊಬ್ಬರು ಬರೆದರೆಂದು ಹೇಳಲು ಆಧಾರವಿಲ್ಲ. ಪೂರ್ವ ಕರಾವಳಿಯಲ್ಲೂ ಪಶ್ಚಿಮ ಕರಾವಳಿಯಲ್ಲೂ ಒಂದೇ ರೋಗವಿತ್ತು, ಇಬ್ಬರು ವೈದ್ಯರಿಗೂ ಒಂದೇ ಔಷಧ ಹೊಳೆಯಿತು. ಮರಾಠಿಯಲ್ಲಿ ದೇವಲರ 'ಶಾರದಾ' ಬಂದದ್ದು 1899ರಲ್ಲಿ. ತೆಲುಗರು ತಮ್ಮ ನಾಟಕವನ್ನು ಮನೆಮಾತಾಗಿಸಿಕೊಂಡರು. ಗಿರೀಶಂ ಎಂದರೆ ಅಲ್ಲಿ ಆಟೋ ಓಡಿಸುವವರೂ ಬಲ್ಲರು. ನಮ್ಮ ಇಗ್ಗಪ್ಪನ ಹೆಸರು ಎಷ್ಟು ಪದವೀಧರರು ಕೇಳಿದ್ದಾರೆ?

ಅದರ ಭಾಷೆ ಮೈಸೂರಿನವರಿಗೂ ಧಾರವಾಡದವರಿಗೂ ಕಷ್ಟವೇ. ಕನ್ಯಾಶುಲ್ಕಂ ಓದಿ ಪಳಗಿದ ಮಕ್ಕಳಿಗೆ ಹೆದರಿಕೆಯಾಗಲಾರದು. ಹೊನ್ನಾವರ ಕುಮಟಾ ಕಡೆಯ ಮನೆಗಳು ವಿಶಾಖಪಟ್ಟಣದಲ್ಲಿಯೂ ವಿಜಯವಾಡದಲ್ಲಿಯೂ ಇಲ್ಲದಿಲ್ಲ. ಆ ಮನೆಗಳಲ್ಲಿ ಹವ್ಯಕ ಮಾತನಾಡುವ ಅಜ್ಜಿಯಂದಿರು ಇದ್ದರೆ, ಮುಂದಿನ ರಜದಲ್ಲಿ ನಾಲ್ಕಾರು ಮಕ್ಕಳನ್ನು ಅವರ ಮುಂದೆ ಕೂರಿಸಿ, ಪುಸ್ತಕ ಕೊಟ್ಟು, ಓದುವ ಕೆಲಸವನ್ನು ಅಜ್ಜಿಗೇ ಬಿಡಬೇಕೆಂದು ನಮ್ಮ ಸಲಹೆ.